ಬೇಕಲದ ಮರಳು, ತೋಟದ ಕೆರೆ, ಮನೆಯ ಅಂಗಳ

ನನ್ನ ಮೈಕೈ ನೋವಿಗೆ ಫೈಬ್ರೊಮಯಾಲ್ಜಿಯಾ ಅಂತ ಹೆಸರು ಸಿಕ್ಕಿದ ದಿನ ಡಾಕ್ಟರು ಹೇಳಿದ್ದು ಒಂದೇ: ವ್ಯಾಯಾಮ ಬಿಡಬೇಡಿ. 2017ರಲ್ಲಿ ಪ್ರಕಟವಾದ ಯುರೋಪಿನ ವಾತರೋಗ ತಜ್ಞರ ಮಾರ್ಗಸೂಚಿಯೂ ಈ ಕಾಯಿಲೆಗೆ ಖಡಾಖಂಡಿತವಾಗಿ ಹೇಳಿದ್ದು ವ್ಯಾಯಾಮ ಒಂದನ್ನೇ. ಆದರೆ ಯಾವ ವ್ಯಾಯಾಮ? ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿ ದಣಪೆ ದಾಟಿದರೆ ಒಂದೋ ಏರು, ಇಲ್ಲವೇ ಇಳಿಜಾರು.

ಮೊದಲು ಹೋದದ್ದು ಬೇಕಲಕ್ಕೆ. ಕೋಟೆಯ ಪಕ್ಕ ಕಡಲು, ಸಂಜೆಯ ಗಾಳಿ. 45 ನಿಮಿಷ ನಡೆದದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಮರುದಿನ. ಒಣ ಮರಳಲ್ಲಿ ಕಾಲು ಹೂತುಹೋಗುತ್ತದೆ, ಪ್ರತಿ ಹೆಜ್ಜೆಗೂ ಮೀನಖಂಡ ಎಳೆಯುತ್ತದೆ. ತೀರ ಕಡಲಿನ ಕಡೆ ವಾಲಿರುವುದರಿಂದ ಸೊಂಟದ ಒಂದೇ ಬದಿಗೆ ಜಾಸ್ತಿ ಪೆಟ್ಟು. ಮೂರು ದಿನ ಹಾಸಿಗೆ. ಅಲೆ ಸರಿದ ಒದ್ದೆ ಮರಳು ಗಟ್ಟಿ, ಅದು ವಾಸಿ. ಆದರೆ ಅಲ್ಲಿಗೆ ಎರಡು ಬಸ್ಸು ಹತ್ತಬೇಕಲ್ವಾ?

ಯೋಗ ತರಗತಿ ಎರಡೇ ವಾರ. "ಇನ್ನೂ ಸ್ವಲ್ಪ ಬಗ್ಗಿ" ಅನ್ನುವುದನ್ನು ಗುರುಗಳು ಬಿಡಲಿಲ್ಲ, ನಾನು ತರಗತಿ ಬಿಟ್ಟೆ.

ಸುಖ ಕೊಟ್ಟದ್ದು ತೋಟದ ಕೆರೆ. ಸೊಂಟದ ಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ. ಬೆಳಗ್ಗಿನ ತಣ್ಣೀರಿಗೆ ಮೈ ಸೆಟೆಯುತ್ತದೆ, ಮಧ್ಯಾಹ್ನ 3 ಗಂಟೆಗೆ ಹಿತ. ಆದರೆ ಒಬ್ಬಳೇ ಇಳಿಯುವ ಹಾಗಿಲ್ಲ. ಜೂನ್ ಬಂತೆಂದರೆ ಮೆಟ್ಟಿಲಲ್ಲಿ ಹಾವಸೆ, ನೀರು ಕೆಂಪು.

ಉಳಿದದ್ದು ಅಂಗಳ. ಜಗಲಿಯ ತುದಿಯಲ್ಲಿ 5 ಒಣ ಅಡಿಕೆ ಇಟ್ಟೆ. ಒಂದು ಸುತ್ತು ಬಂದರೆ ಒಂದು ಅಡಿಕೆ ಆಚೆ ಬದಿಗೆ. ಮೊದಲ ವಾರ ಅಷ್ಟೇ. ಮೈ ತಕರಾರು ಮಾಡದಿದ್ದರೆ ಮುಂದಿನ ವಾರ ಒಂದು ಅಡಿಕೆ ಹೆಚ್ಚು. ನಡೆಯುತ್ತಾ ಮಾತಾಡಲು ಆಗಬೇಕು, ಏದುಸಿರು ಬಂದರೆ ನಿಧಾನ. ಮುಗಿಸಿ 2 ಗಂಟೆ ಕಳೆದ ಮೇಲೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮರುದಿನ ಒಂದೆರಡು ಅಡಿಕೆ ವಾಪಸ್ ಡಬ್ಬಿಗೆ. ಕಷ್ಟ ಇರುವುದು ಮೈ ಹಗುರ ಇದ್ದ ದಿನ. ಇನ್ನೂ ನಾಲ್ಕು ಸುತ್ತು ಹೋಗೋಣ ಅನ್ನಿಸುತ್ತದೆ, ಬೇಕಲದಲ್ಲಿ ಅನ್ನಿಸಿದ ಹಾಗೆಯೇ. ಹೋಗುವುದಿಲ್ಲ.

ಸುಮ್ನೆ ಸುತ್ತುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಅತ್ತೆ "ಗಾಣದ ಎತ್ತು" ಅಂತ ನಗುತ್ತಾರೆ. ಈಗ 22 ಅಡಿಕೆ. ಕೊಯ್ಲು ಮುಗಿದು ಅಂಗಳದ ತುಂಬ ಅಡಿಕೆ ಹರವುವಾಗ, ಅಂಚಿನಲ್ಲಿ ನನಗೆ ನಡೆಯುವಷ್ಟು ಜಾಗ ಬಿಡುವುದೂ ಅತ್ತೆಯೇ.