ಲಾಗ್‌ವಾಚ್, ಲಾಗ್‌ಚೆಕ್, ಬರೀ ಕ್ರಾನ್: ಸರ್ವರ್ ಕಳಿಸುವ ಮೇಲ್‌ನಲ್ಲಿ ಓದುವಂಥದ್ದು ಯಾವುದು?

ಸರ್ವರ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆಯೇ ಲಾಗ್. ಲಾಗ್‌ವಾಚ್, ಲಾಗ್‌ಚೆಕ್ ಅದನ್ನು ಓದಿ ವರದಿ ಕೊಡುವ ಟೂಲ್‌ಗಳು; ಕ್ರಾನ್ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುತ್ತದೆ. ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಇರುವ ನನ್ನ ಸಣ್ಣ ಬಾಡಿಗೆ ಸರ್ವರ್‌ನಲ್ಲಿ ಈ ಮೂರನ್ನೂ ಓಡಿಸಿ ನೋಡಿದ್ದೇನೆ. ಲಾಗ್ ವರದಿ ಮೇಲ್‌ಗೆ ಬರಬೇಕು, ಬಂದದ್ದನ್ನು ನಾನು ತೆರೆದು ಓದಬೇಕು. ಕಷ್ಟ ಇರುವುದು ಓದುವುದರಲ್ಲಿ.

ಮೂರಕ್ಕೂ ಮೊದಲು ಮೇಲ್ ಹೊರಗೆ ಹೋಗುವ ದಾರಿ ಬೇಕು. ಸರ್ವರ್‌ಗಳ ನಡುವೆ ಮೇಲ್ ಸಾಗುವ 25ನೇ ಪೋರ್ಟ್ ಅನ್ನು ಹಲವು ಕ್ಲೌಡ್ ಕಂಪನಿಗಳು ಮುಚ್ಚಿರುತ್ತವೆ. ನಾನು ಎಂಎಸ್‌ಎಂಟಿಪಿ (ಮೇಲ್ ಕಳಿಸುವ ಪುಟ್ಟ ಪ್ರೋಗ್ರಾಂ) ಹಾಕಿ, 587ನೇ ಪೋರ್ಟ್ ಮೂಲಕ ಜಿಮೇಲ್‌ಗೆ ಕಳಿಸಿದೆ. ಅಲ್ಲಿ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಗೂಗಲ್ ಖಾತೆಯಲ್ಲಿ ಬೇರೆಯಾಗಿ ಮಾಡಿಕೊಳ್ಳುವ ಆಪ್ ಪಾಸ್‌ವರ್ಡ್ ಬೇಕು.

ಲಾಗ್‌ವಾಚ್ ದಿನಕ್ಕೊಂದು ಮೇಲ್ ಕಳಿಸುತ್ತದೆ. ಯಾವ ಐಪಿಯಿಂದ ಎಷ್ಟು ಸಲ ಎಸ್‌ಎಸ್‌ಎಚ್‌ಗೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ತಪ್ಪು ಪಾಸ್‌ವರ್ಡ್ ಬಂತು, ಯಾವ ಪ್ಯಾಕೇಜ್ ಬದಲಾಯಿತು, ಡಿಸ್ಕ್ ಎಷ್ಟು ತುಂಬಿದೆ, ಎಲ್ಲಾ ಎಣಿಸಿ ಕೊಡುತ್ತದೆ. ಡೀಟೇಲ್ 'ಲೋ' ಇಟ್ಟರೆ ಸಾಕು. 'ಹೈ' ಇಟ್ಟರೆ ಪುಟಗಟ್ಟಲೆ ಸ್ಕ್ರೋಲ್ ಮಾಡಬೇಕು. ಒಂದು ತೊಡಕಿದೆ: ಲಾಗ್‌ಗಳನ್ನು ಫೈಲ್‌ಗೆ ಬರೆಯುವ ಆರ್‌ಸಿಸ್‌ಲಾಗ್ ಡೆಬಿಯನ್ 12ರಲ್ಲಿ ತಾನಾಗಿ ಬರುವುದಿಲ್ಲ. ಓದಲು ಫೈಲೇ ಇಲ್ಲದಿದ್ದರೆ ವರದಿ ಹೆಚ್ಚುಕಮ್ಮಿ ಖಾಲಿ. ಆರ್‌ಸಿಸ್‌ಲಾಗ್ ಹಾಕಿದ ಮೇಲೆ ಸರಿಹೋಯಿತು.

ಲಾಗ್‌ಚೆಕ್‌ನದು ಉಲ್ಟಾ ಲೆಕ್ಕ. ಯಾವುದನ್ನು ಬಿಡಬೇಕು ಎಂಬ ನಿಯಮಗಳಲ್ಲಿ ಕೆಲವು ಜೊತೆಗೇ ಬರುತ್ತವೆ, ಸಾಲದ್ದನ್ನು ನಾವು ಬರೆಯಬೇಕು, ಉಳಿದದ್ದೆಲ್ಲ ಗಂಟೆಗೊಮ್ಮೆ ಬರುತ್ತದೆ. ಶುರುವಿನಲ್ಲಿ ಇನ್‌ಬಾಕ್ಸ್ ತುಂಬಿ ತುಳುಕುತ್ತದೆ! ರೆಜೆಕ್ಸ್ (ಸಾಲಿನ ನಮೂನೆ ಹಿಡಿಯುವ ಬರಹ) ಬರೆದು ಬರೆದು ಸೋಸಿದ ಮೇಲೆ ಮಾತ್ರ ಇದರ ಬೆಲೆ ಗೊತ್ತಾಗುವುದು. ಎಂದೂ ಕಾಣದ ಒಂದು ಸಾಲು ಗಂಟೆಯೊಳಗೆ ಕಣ್ಣಿಗೆ ಬೀಳುತ್ತದೆ. ಆದರೆ ಅಪ್‌ಡೇಟ್‌ನಲ್ಲಿ ಯಾವುದೋ ಪ್ರೋಗ್ರಾಂ ತನ್ನ ಸಾಲಿನ ಒಂದು ಪದ ಬದಲಿಸಿದರೂ ಸಾಕು, ಮತ್ತೆ ಸುರಿಮಳೆ. ತಾಳ್ಮೆ ಜಾಸ್ತಿ ಬೇಕು.

ಮೂರನೆಯದಕ್ಕೆ ಹೊಸ ಟೂಲೇ ಬೇಡ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ 'ಮೇಲ್‌ಟು' (ಮೇಲ್ ಹೋಗಬೇಕಾದ ವಿಳಾಸ) ತುಂಬಿ, ನಿನ್ನೆಯಿಂದ ಬಂದ ಎರರ್‌ಗಳನ್ನಷ್ಟೇ ತೋರಿಸುವ ಜರ್ನಲ್‌ಸಿಟಿಎಲ್ (ಸಿಸ್ಟಂ ಲಾಗ್ ತೋರಿಸುವ ಕಮಾಂಡ್) ಸಾಲೊಂದು '-q' ಸೇರಿಸಿ ಬರೆದರೆ ಆಯಿತು; '-q' ಇಲ್ಲದಿದ್ದರೆ ಎರರ್ ಇಲ್ಲದಾಗಲೂ ಒಂದು ಸಾಲು ಬರುತ್ತದೆ. ಔಟ್‌ಪುಟ್ ಇದ್ದರೆ ಮಾತ್ರ ಮೇಲ್. ಆದರೆ ಎಸ್‌ಎಸ್‌ಎಚ್‌ನ ತಪ್ಪು ಪಾಸ್‌ವರ್ಡ್ ಎರರ್ ಮಟ್ಟದಲ್ಲಿ ದಾಖಲಾಗುವುದಿಲ್ಲ, ಹಾಗಾಗಿ ಅದು ಇಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಸಮಸ್ಯೆ ಕ್ರಾನ್‌ಗೂ ಲಾಗ್‌ಚೆಕ್‌ಗೂ ಇದೆ. ಎಲ್ಲಾ ಸರಿ ಇದ್ದಾಗ ಎರಡೂ ಸುಮ್ನಿರುತ್ತವೆ. ಮೇಲ್ ಹೋಗುವ ದಾರಿಯೇ ಕೆಟ್ಟರೂ ಸುಮ್ನೆ! ಯಾವ ಮೌನ ಯಾವುದು ಎಂದು ಹೇಗೆ ತಿಳಿಯುವುದು? ಲಾಗ್‌ವಾಚ್ ಮೇಲ್ ಒಂದು ಬೆಳಿಗ್ಗೆ ಬರದಿದ್ದರೆ ಸಾಕು, ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ಬಾಡಿಗೆ ಸರ್ವರ್‌ಗಳಲ್ಲೆಲ್ಲ ಲಾಗ್‌ವಾಚ್ 'ಲೋ' ಇಟ್ಟಿದ್ದೇನೆ. ಬೇರೆಯವರ ಡೇಟಾ ಇರುವ ಸರ್ವರ್‌ಗೆ ಮಾತ್ರ ಜೊತೆಗೆ ಲಾಗ್‌ಚೆಕ್. ಬರೀ ಕ್ರಾನ್ ಮನೆಯ ಪುಟ್ಟ ಕಂಪ್ಯೂಟರ್ ರಾಸ್‌ಬೆರಿ ಪೈಗೆ ಸಾಕು.