ಒಳಗೂ ಬಣ್ಣ ಹೊಡೆದಿರೋ ಹಳೇ ಸ್ಮೋಕರ್ ಕಂಡ್ರೆ ಕಾಸು ಬಿಚ್ಚಬೇಡಿ

ಈ ಸಲ ಹೊಸತೊಡಕಿಗೆ ನಮ್ಮನೆಗೆ ಬಂದಿದ್ದ ಹದಿನಾಲ್ಕು ಜನ ಹೋಟೆಲಿನಿಂದ ತರಿಸಿದ ಬಿರಿಯಾನಿ ತಿಂದು ಹೋದರು. ರಾತ್ರಿಯಿಡೀ ಮಸಾಲೆ ಹಚ್ಚಿಟ್ಟಿದ್ದ ಎರಡು ಮೇಕೆ ತೊಡೆ ಕಸದ ಚೀಲ ಸೇರಿದವು. ಕಾರಣ, ನಾನು 450 ಡಾಲರ್ ಎಣಿಸಿಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಬಾರ್ಬೆಕ್ಯೂ ಸ್ಮೋಕರ್. ಟೆಕ್ಸಾಸ್‌ನಲ್ಲಿರೋ ನಮ್ಮವರು ಸುಮಾರು ಜನ ಈಗ ಈ ಚಟಕ್ಕೆ ಬಿದ್ದಿದ್ದಾರೆ. ಅದಕ್ಕೇ ಮಾನ ಮರ್ಯಾದೆ ಪಕ್ಕಕ್ಕಿಟ್ಟು ಬರೀತಿದ್ದೀನಿ.

ಊರಲ್ಲಿದ್ದು ಓದೋರಿಗೆ ಒಂದು ಮಾತು: ಆಫ್‌ಸೆಟ್ ಸ್ಮೋಕರ್ ಅಂದ್ರೆ ಅಡ್ಡ ಮಲಗಿಸಿದ ಕಬ್ಬಿಣದ ಪೀಪಾಯಿ. ಅದರ ಒಂದು ತುದಿಗೆ ಅಂಟಿಕೊಂಡ ಹಾಗೆ ಸಣ್ಣ ಬೆಂಕಿಗೂಡು, ಅದೇ ಫೈರ್‌ಬಾಕ್ಸ್. ಸೌದೆ ಅಲ್ಲಿ ಉರಿಯುತ್ತೆ, ಮಾಂಸ ಪೀಪಾಯಿಯಲ್ಲಿರುತ್ತೆ, ಬಿಸಿಯೂ ಹೊಗೆಯೂ ಅದನ್ನ ಸವರಿಕೊಂಡು ಆ ತುದಿಯ ಚಿಮಣಿಯಿಂದ ಆಚೆ ಹೋಗುತ್ತೆ. 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಬೇಕು. ನಾವಿರೋ ಆಸ್ಟಿನ್‌ನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಲಾಕ್‌ಹಾರ್ಟ್ ಅಂತ ಒಂದು ಊರಿದೆ. 1999ರಲ್ಲಿ ಶಾಸನಸಭೆಯೇ ಅದನ್ನ ಟೆಕ್ಸಾಸ್‌ನ ಬಾರ್ಬೆಕ್ಯೂ ರಾಜಧಾನಿ ಅಂತ ಠರಾವು ಮಾಡಿತು. ಅಲ್ಲಿನ ಹೆಸರಾದ ಬ್ರಿಸ್ಕೆಟ್ ದನದ್ದು, ನಮ್ಮನೇಲಿ ನಡೆಯಲ್ಲ. ಆದರೆ ಆ ಹೊಗೆ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನಂಗೆ ಅಜ್ಜಿ ಒಲೆ ಮೇಲೆ ಹಗ್ಗಕ್ಕೆ ಪೋಣಿಸಿ ಇಳಿಬಿಡ್ತಿದ್ದ ಉಪ್ಪುಕಂಡ ನೆನಪಾಗ್ತಿತ್ತು. ಇಲ್ಲಿನವರು ಉರಿಸೋ ಮೆಸ್ಕೀಟ್ ಸೌದೆ ಬೇರೇನಲ್ಲ, ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಹೀಗೆ ಒಂದಕ್ಕೊಂದು ಕೂಡಿ ತಲೆ ಕೆಟ್ಟಿತು.

ಹೊಸದೇ ಕೊಳ್ಳಬಹುದಿತ್ತಲ್ಲ ಅಂತೀರಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋದರ ತಗಡು ತೆಳು. ಗಾಳಿ ಬೀಸಿದರೆ ಬಿಸಿ ಇಳಿಯುತ್ತೆ, ಅರ್ಧ ಗಂಟೆಗೊಮ್ಮೆ ಸೌದೆ ತುರುಕ್ತಾ ಕೂರಬೇಕು. ಹಿಂದೆ ಇಲ್ಲಿನ ವೆಲ್ಡರ್‌ಗಳು ತೈಲಬಾವಿಯ ಹಳೇ ಪೈಪ್ ಕತ್ತರಿಸಿ ಕಾಲಿಂಚು ದಪ್ಪದ ಸ್ಮೋಕರ್ ಮಾಡ್ತಿದ್ದರು. ಒಮ್ಮೆ ಕಾದರೆ ಕಲ್ಲಿನ ಗೋಡೆ ಹಾಗೆ ಬಿಸಿ ಹಿಡಿದುಕೊಳ್ಳುತ್ತೆ. ಎಲ್ಲರೂ ಹುಡುಕೋದು ಅದನ್ನೇ. ಮಾರೋರಿಗೂ ಅದು ಗೊತ್ತು.

ಜಾಹೀರಾತಲ್ಲಿ ಹೀಗಿತ್ತು: 1980ರ ದಶಕದ್ದು, ತಾತ ಕೈಯಾರೆ ವೆಲ್ಡ್ ಮಾಡಿದ್ದು, ಕಾಲಿಂಚು ಉಕ್ಕು. ಹೊತ್ತು ಮುಳುಗಿದ ಮೇಲೆ ತೆಗೆದ ಮೂರು ಫೋಟೋ, ಹಿಂದೆ ಒಂದು ಮುರುಕು ಬೇಲಿ. ಹೋಗಿ ನೋಡಿದರೆ ಹೊರಗೆಲ್ಲ ಮಿರಿಮಿರಿ ಕಪ್ಪು ಬಣ್ಣ. ಬಾಗಿಲು ಎತ್ತಿದೆ, ಒಳಗೂ ಮಿರಿಮಿರಿ ಕಪ್ಪು. 'ಹೊಸ ಬಣ್ಣ ಹೊಡೆಸಿದೀನಿ, ಫೈರ್‌ಬಾಕ್ಸ್‌ಗೆ ಹೊಸ ಜಾಲರೀನೂ ಹಾಕಿಸಿದೀನಿ' ಅಂದ. ಎಷ್ಟು ಅಚ್ಚುಕಟ್ಟಪ್ಪ ಅನ್ನಿಸ್ತು ನಂಗೆ. ಜಾತ್ರೇಲಿ ದಲ್ಲಾಳಿ ಮುದಿ ಎತ್ತಿನ ಕೊಂಬಿಗೆ ಎಣ್ಣೆ ಸವರಿ ನಿಲ್ಲಿಸಿದರೆ ನಮ್ಮಪ್ಪ ನೇರ ಬಾಯಿ ಬಿಡಿಸಿ ಹಲ್ಲು ನೋಡ್ತಿದ್ದರು. ಮಗ ಮಾತ್ರ ಕೊಂಬು ನೋಡಿ ವ್ಯಾಪಾರ ಮುಗಿಸಿದ.

ಅದನ್ನ ಪಿಕಪ್‌ಗೆ ಹೇರಿದ್ದು ನಾನು, ಅವನು, ಇಬ್ಬರೇ. ಬುದ್ಧಿ ಬರಬೇಕಾಗಿದ್ದ ಗಳಿಗೆ ಅದು. ಕಾಲಿಂಚು ಉಕ್ಕಿನ ಹಾಳೆ ಒಂದು ಚದರ ಅಡಿಗೆ 10 ಪೌಂಡಿನ ಮೇಲೆ ತೂಗುತ್ತೆ. ಆ ಅಳತೆಯ ಸ್ಮೋಕರ್ ಏನಿಲ್ಲವೆಂದರೂ 160 ಕೆಜಿ ಬರಬೇಕು. ದಿನವಿಡೀ ಕೀಬೋರ್ಡ್ ಕುಟ್ಟೋ ನಾನು ಅದರ ಒಂದು ತುದಿ ಎತ್ತಿದೆ ಅಂದ್ರೆ ಅದು ಕಾಲಿಂಚಲ್ಲ. ಆಮೇಲೆ ಅಳೆದಾಗ ಅದರರ್ಧವೂ ಇರಲಿಲ್ಲ.

ಹೊಸತೊಡಕಿನ ದಿನ ಬೆಳಗ್ಗೆ ಏಳಕ್ಕೆ ಓಕ್ ಸೌದೆ ಹೊತ್ತಿಸಿದೆ. ಮೊದಲು ಬಂದಿದ್ದು ಬಣ್ಣ ಸುಟ್ಟ ವಾಸನೆ. ಬಿಸಿ ತಡೆಯೋ ಬಣ್ಣ ಬೇರೆಯೇ ಇರುತ್ತೆ, ಇವನು ಹೊಡೆಸಿದ್ದು ಗೇಟಿಗೆ ಹೊಡೆಯೋ ಬಣ್ಣ ಇರಬೇಕು. ಪೀಪಾಯಿ ಒಳಗೆ ಅದು ಹಪ್ಪಳದ ಹಾಗೆ ಉಬ್ಬಿ, ಸಿಪ್ಪೆ ಎದ್ದು, ತೊಡೆಗಳ ಮೇಲೆ ಕಪ್ಪು ಹೊಟ್ಟು ಉದುರೋಕೆ ಶುರುವಾಯ್ತು. ಆದರೂ ನಾನು ಪಟ್ಟು ಬಿಡದೆ ಗಾಳಿ ಕಿಂಡಿ ಪೂರ್ತಿ ತೆಗೆದು ಬೆಂಕಿ ಜೋರು ಮಾಡಿದೆ. ಆಗ ಫೈರ್‌ಬಾಕ್ಸ್‌ನಿಂದ ಬೆಳ್ಳನೆಯ ದಟ್ಟ ಹೊಗೆ ಎದ್ದು, ಹತ್ತಿ ಎಳೆಯಂಥ ಬಿಳಿ ಚೂರುಗಳು ತೇಲಾಡಿದವು. ನಮ್ಮ ಪಕ್ಕದ ಮನೆಯವರು ವೆಲ್ಡಿಂಗ್ ಕೆಲಸದಿಂದ ನಿವೃತ್ತರಾದ ಹಿರಿಯರು. ಬೇಲಿ ಆಚೆಯಿಂದಲೇ 'ಅಲ್ಲಿಂದ ಈಚೆ ಬಾ, ಉಸಿರು ಎಳ್ಕೋಬೇಡ' ಅಂತ ಕೂಗಿಕೊಂಡರು.

ಆ ಹೊಸ ಜಾಲರಿ ಸತುವಿನ ಲೇಪ ಇರೋದು. ಊರಲ್ಲಿ ತಗಡಿನ ಬಕೆಟ್ಟಿನ ಮೇಲೆ ಬೆಳ್ಳಿ ಬಣ್ಣದ ಹೂವಿನ ಚಿತ್ತಾರ ಕಾಣ್ತದಲ್ಲ, ಅದೇ. ಸತು 419 ಡಿಗ್ರಿಗೆ ಕರಗುತ್ತೆ, 907ಕ್ಕೆ ಕುದಿಯುತ್ತೆ. ಚೆನ್ನಾಗಿ ಗಾಳಿ ಸಿಕ್ಕ ಕೆಂಡಕ್ಕೆ ಅದೇನು ದೊಡ್ಡದಲ್ಲ. ಅವತ್ತು ರಾತ್ರಿ ನಂಗೆ ಚಳಿ ನಡುಕ, ಜ್ವರ, ಬಾಯೊಳಗೆ ಒಂಥರಾ ಲೋಹದ ರುಚಿ. ವೆಲ್ಡರ್‌ಗಳಿಗೆಲ್ಲ ಗೊತ್ತಿರೋ ಜ್ವರವಂತೆ, ಮಾರನೇ ದಿನಕ್ಕೆ ಇಳೀತು. ಮಕ್ಕಳು ಆಗ ಹಿತ್ತಲಲ್ಲಿ ಇರಲಿಲ್ಲ ಅನ್ನೋದೊಂದೇ ಸಮಾಧಾನ.

ಇಷ್ಟಕ್ಕೇ ಮುಗೀಲಿಲ್ಲ. ನಾವು ದೂರ ನಿಂತು ನೋಡ್ತಿರುವಾಗಲೇ ಫೈರ್‌ಬಾಕ್ಸ್ ತಳದಿಂದ ಅಂಗೈ ಅಗಲದ ಒಂದು ತುಂಡು ಕಳಚಿ, ಹಿಂದೆಯೇ ಕೆಂಡ ಸುರಿದು ಒಣಹುಲ್ಲು ಹೊತ್ತಿಕೊಂಡಿತು. ಗಿಡಕ್ಕೆ ನೀರು ಬಿಡೋ ಪೈಪ್ ಕೈಗೆ ಸಿಗೋ ಹಾಗಿತ್ತು, ಆರಿಸಿದೆವು. ತಣ್ಣಗಾದ ಮೇಲೆ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ಬಣ್ಣದ ಪೊರೆ ಕೆಳಗೆ ಬೂದು ಬಣ್ಣದ ಪುಟ್ಟಿ, ಕಾರಿನ ಡೆಂಟ್‌ಗೆ ತುಂಬ್ತಾರಲ್ಲ ಅದು. ಅದರ ಕೆಳಗೆ ಬರೀ ತುಕ್ಕಿನ ಪುಡಿ. ಬೂದಿ ತೆಗೀದೆ ಮಳೇಲಿ ಬಿಟ್ಟರೆ ಹೀಗೇ ಆಗೋದು. ಬೂದಿ ನೀರು ಹಿಡಿದಿಟ್ಟುಕೊಂಡು ಕಬ್ಬಿಣವನ್ನ ಒಳಗೊಳಗೇ ತಿನ್ನುತ್ತೆ.

ಮಾರಿದವನಿಗೆ ಫೋನ್ ಮಾಡಿದೆ. ಎರಡು ಸಲ ರಿಂಗ್ ಆಯ್ತು, ಮೂರನೇ ಸಲಕ್ಕೆ ಬ್ಲಾಕ್. ನಗದು ಕೊಟ್ಟಿದ್ದೆ, ಚೀಟಿ ಇಲ್ಲ, ರಸೀದಿ ಇಲ್ಲ.

ನೀವು ಹಳೇದನ್ನ ನೋಡೋಕೆ ಹೋದರೆ ಹಗಲು ಬೆಳಕಲ್ಲೇ ಹೋಗಿ. ಮೊದಲು ಒಳಗೆ ಬೆರಳಾಡಿಸಿ. ಚೆನ್ನಾಗಿ ಬಳಸಿದ ಸ್ಮೋಕರ್‌ನ ಒಳಮೈ ಅಜ್ಜಿ ಕಾಲದ ದೋಸೆ ಕಾವಲಿ ಥರ ಎಣ್ಣೆ, ಹೊಗೆ ಕುಡಿದು ಗಟ್ಟಿಯಾಗಿ ಕಪ್ಪಾಗಿರುತ್ತೆ. ಅಲ್ಲಿಗೆ ಯಾರೂ ಬಣ್ಣ ಹೊಡೆಯಲ್ಲ. ಹೊಡೆದಿದ್ದರೆ ಏನೋ ಮುಚ್ಚಿದ್ದಾರೆ ಅಂತಲೇ ಅರ್ಥ. ಬೂದಿ ಎಲ್ಲ ಬಳಿದು ಹಾಕಿಸಿ, ಫೈರ್‌ಬಾಕ್ಸ್ ತಳಕ್ಕೆ ಸುತ್ತಿಗೆಯಿಂದ ಬಡಿದು ನೋಡಿ. ಮಡಕೆ ಕೊಳ್ಳುವಾಗ ಬಡಿದು ನೋಡಲ್ವಾ, ಹಾಗೆ. ಬೇಜಾರು ಮಾಡಿಕೊಂಡ ಅಂದ್ರೆ ವಾಪಸ್ ಬನ್ನಿ. ಒಂದು ಆಯಸ್ಕಾಂತ ಜೇಬಲ್ಲಿರಲಿ, ಪುಟ್ಟಿ ದಪ್ಪಗಿರೋ ಕಡೆ ಅದು ಸರಿಯಾಗಿ ಕಚ್ಚಲ್ಲ. ಹೊರಗಿನ ಬಣ್ಣ ತುಂಬ ಹಳೇದಾದರೆ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಳಕೆ ಬಣ್ಣಕ್ಕೆ ಸೀಸ ಬೆರೆಸೋದು ನಿಂತಿದ್ದೇ 1978ರಲ್ಲಿ. ಬಾಗಿಲ ಅಂಚಿಗೆ ಬೂದು ಹಗ್ಗದಂಥದ್ದು ಸುತ್ತಿದ್ದರೆ ಕೀಳೋಕೆ ಹೋಗಬೇಡಿ, ಹಳೇ ಒಲೆಗಳಲ್ಲಿ ಅದು ಕಲ್ನಾರಿನದ್ದಿರುತ್ತಿತ್ತು. ಗ್ಯಾಸ್ ಟ್ಯಾಂಕ್ ಕತ್ತರಿಸಿ ಮಾಡಿದ್ದಾದರೆ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ. ತಡವರಿಸಿದರೆ ಬೇಡವೇ ಬೇಡ. ಮತ್ತೆ, ಎತ್ತಿ ನೋಡಿ. ಇಬ್ಬರಿಗೆ ಎದ್ದರೆ ಕೆಳಗಿಡಿ.

ನನ್ನದು ಗುಜರಿಗೆ ಹೋಯ್ತು. ಅಲ್ಲಿ ಸಿಕ್ಕ ದುಡ್ಡು ಪಿಕಪ್ ಬಾಡಿಗೆಗೂ ಸಾಲಲಿಲ್ಲ. ನಮ್ಮನೆಯವಳು ಯಾರೇ ಬಂದರೂ 'ನಮ್ಮೆಜಮಾನ್ರು ಮಾಡಿದ ಬಿರಿಯಾನಿ ಹೇಗಿತ್ತು' ಅಂತ ಕೇಳೋದು ಬಿಟ್ಟಿಲ್ಲ. ಮೊನ್ನೆ ಸುಮ್ಮನೆ ಜಾಹೀರಾತು ನೋಡ್ತಿದ್ದೆ. ಅದೇ ಮುರುಕು ಬೇಲಿ, ಅದೇ ಮಬ್ಬುಗತ್ತಲು, ಬೇರೆ ಸ್ಮೋಕರ್. ಈ ಸಲ 600 ಡಾಲರ್. ಇದನ್ನೂ ತಾತನೇ ವೆಲ್ಡ್ ಮಾಡಿದ್ದಂತೆ.