ಫೈಬರ್ ರೆಸಿನ್, ಮ್ಯಾಟ್, ಹಾರ್ಡ್‌ನರ್: ಬಾಗಲಕೋಟೆ ಬಿಸಿಲಲ್ಲಿ ಹಲವು ವರ್ಷ ಬಳಸಿದ ಮೇಲೆ

ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು ದ್ರವ ಒಂದು ಡಬ್ಬಿ, ಗ್ಲಾಸ್ ಫೈಬರ್ ಮ್ಯಾಟ್ (ಗಾಜಿನ ಎಳೆಯ ಹಾಸು) ಒಂದು ಸುರುಳಿ, ರೆಸಿನ್ ಗಟ್ಟಿ ಮಾಡುವ ಹಾರ್ಡ್‌ನರ್ ಒಂದು ಚಿಕ್ಕ ಬಾಟಲಿ. ಈ ಮೂರನ್ನೂ ಹಲವು ಬೇಸಿಗೆಗಳಿಂದ ಮನೆಗೂ ದೋಣಿಗೂ ಬಳಸುತ್ತಿದ್ದೇನೆ. ದೋಣಿಗೆ ಐದಕ್ಕೆ ಐದು ಅಂಕ. ಏರ್ ಕೂಲರ್ ತೊಟ್ಟಿಗೂ ಐದು. ಮಾಳಿಗೆ ಸೋರಿಕೆಗೆ ಒಂದು. ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ ಸೊನ್ನೆ. ಒಂದೇ ಸಾಮಾನಿಗೆ ಇಷ್ಟು ಬೇರೆ ಬೇರೆ ಅಂಕ ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ನವನಗರದಲ್ಲಿ. ತಮ್ಮನಿಗೆ, ಅಂದರೆ ಕಾಕಾನ ಮಗನಿಗೆ, ಘಟಪ್ರಭಾ ನದಿ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಲೈಸೆನ್ಸ್ ಇದೆ. ಫೈಬರ್ ದೋಣಿ ನಮ್ಮಿಬ್ಬರದು. ಮೀನಿನ ಕೆಲಸ ಅವನದು, ರಿಪೇರಿ ನನ್ನದು.

ಆಲಮಟ್ಟಿ ಹಿನ್ನೀರಿನಲ್ಲಿ ದೋಣಿಗೆ ಪೆಟ್ಟು ಬೀಳುವ ಕಾಲವೇ ಬೇರೆ. ಜಲಾಶಯ ತುಂಬಿ ನೀರು ಸಮುದ್ರ ಮಟ್ಟದಿಂದ 519.60 ಮೀಟರ್‌ಗೆ ಬಂದಾಗ ಏನೂ ತೊಂದರೆ ಇಲ್ಲ, ಎಲ್ಲ ಆಳದಲ್ಲಿರುತ್ತದೆ. ಮಾರ್ಚ್ ದಾಟಿ ನೀರು ಇಳಿಯುತ್ತಾ ಹೋದಂತೆ ಮುಳುಗಿದ್ದೆಲ್ಲ ಮೇಲೆ ಬರುತ್ತದೆ. ಹಳೇ ಹೊಲದ ಒಡ್ಡು, ಬಾವಿ ಕಟ್ಟೆ, ಜಾಲಿ ಬೊಡ್ಡೆ, ಕೆಲವು ಕಡೆ ಮನೆ ಗೋಡೆಯ ಕಲ್ಲು. ಪೂರ್ತಿ ಮೇಲೆ ಬಂದರೆ ಕಣ್ಣಿಗಾದರೂ ಕಾಣುತ್ತದೆ. ನೀರಿನಿಂದ ಒಂದು ಗೇಣು ಕೆಳಗೆ ಇರುವುದೇ ಅಪಾಯ. ನಮ್ಮ ದೋಣಿಯ ತಳ ಒಡೆದದ್ದು ಅಂಥ ಬೊಡ್ಡೆಯಿಂದಲೇ. ಅಂಗೈ ಅಗಲದ ಬಿರುಕು, ಒಳಗಿನ ಫೈಬರ್ ಎಳೆ ಹೊರಗೆ ಬಂದಿತ್ತು.

ತಮ್ಮ ಹೇಳಿದ, "ಅಣ್ಣಾ, ಸುಮ್ನ ಡಾಂಬರ ಬಡದ ಬಿಡೂಣಲ್ಲ? ನಮ್ಮಪ್ಪ ತೆಪ್ಪಕ್ಕ ಅದನ್ನ ಹಚ್ಚತಿದ್ದ."

"ಬ್ಯಾಡೋ ತಮ್ಮಾ. ಒಮ್ಮಿ ಡಾಂಬರ ಹತ್ತಿತಂದ್ರ ಆಮ್ಯಾಲೆ ಅಲ್ಲಿ ರೆಸಿನ್ ಹಿಡಿಯಂಗಿಲ್ಲ" ಅಂದೆ.

ಇದು ನಿಜ. ಬಿದಿರು ತೆಪ್ಪಕ್ಕೆ ಡಾಂಬರು ಸರಿ. ಫೈಬರ್‌ಗೆ ಹಚ್ಚಿದರೆ ಅದು ಕೆರೆದಷ್ಟೂ ಒಳಗೇ ಹರಡುತ್ತದೆ. ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ದ್ರಾವಕ ಡಾಂಬರನ್ನು ಕರಗಿಸಿ ಕಲಸಿಬಿಡುತ್ತದೆ. ಆಮೇಲೆ ಎಂಥ ಒಳ್ಳೆಯ ಸಾಮಾನು ಹಾಕಿದರೂ ಎದ್ದು ಬರುತ್ತದೆ.

ರಿಪೇರಿಯಲ್ಲಿ ಮುಕ್ಕಾಲು ಪಾಲು ಕೆಲಸ ರೆಸಿನ್ ಡಬ್ಬಿ ತೆರೆಯುವ ಮೊದಲೇ ಮುಗಿಯಬೇಕು. ಬಿರುಕಿನ ಸುತ್ತ ಗ್ರೈಂಡರ್‌ನಿಂದ ಇಳಿಜಾರಾಗಿ ಕೆರೆಯಬೇಕು. ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಕೆರೆಯಿರಿ ಅನ್ನುವುದು ದೋಣಿ ಕೆಲಸದವರ ಹಳೇ ಲೆಕ್ಕ. ತಳ 5 ಮಿಲಿಮೀಟರ್ ದಪ್ಪ ಇದ್ದರೆ ಸುತ್ತ 60 ಮಿಲಿಮೀಟರ್. ಅಷ್ಟು ಚಿಕ್ಕ ಬಿರುಕಿಗೆ ಇಷ್ಟು ದೊಡ್ಡ ಗಾಯ ಮಾಡಬೇಕಾ ಅಂತ ಅನಿಸುತ್ತದೆ. ಮಾಡಲೇಬೇಕು. ಹೊಸ ರೆಸಿನ್ ಹಳೆಯದರ ಜೊತೆ ರಾಸಾಯನಿಕವಾಗಿ ಬೆಸೆಯುವುದಿಲ್ಲ, ಒರಟು ಮೈಯನ್ನು ಕಚ್ಚಿ ಹಿಡಿಯುತ್ತದೆ ಅಷ್ಟೆ. ಹಿಡಿಯಲು ಜಾಗ ಜಾಸ್ತಿ ಕೊಟ್ಟಷ್ಟೂ ಗಟ್ಟಿ. ಇದಕ್ಕೂ ಮೊದಲು ಇದೇ ದೋಣಿಗೆ ಒಬ್ಬ ಕೆಲಸಗಾರ ಬಣ್ಣದ ಮೇಲೇ ಮ್ಯಾಟ್ ಅಂಟಿಸಿ ದುಡ್ಡು ತೆಗೆದುಕೊಂಡು ಹೋಗಿದ್ದ. ಆ ತೇಪೆ ಒಂದು ಮಳೆಗಾಲವೂ ತಡೆಯಲಿಲ್ಲ, ಬೆರಳಲ್ಲಿ ಎಳೆದರೆ ಬಂತು. ಸಾಮಾನು ಅದೇ, ಕೆರೆಯುವ ಕೆಲಸ ಮಾತ್ರ ಬಿಟ್ಟಿದ್ದ. ಬಡ ಮೀನುಗಾರರ ಹತ್ತಿರ ಹೀಗೆ ದುಡ್ಡು ತೆಗೆದುಕೊಳ್ಳುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಡುನೀರಿನಲ್ಲಿ ತೇಪೆ ಕಿತ್ತರೆ ಹೋಗುವುದು ಜೀವ.

ಕೆರೆಯುವಾಗ ಏಳುವ ಧೂಳು ಗಾಜಿನ ಪುಡಿ. ತುಂಬು ತೋಳಿನ ಅಂಗಿ, ಕನ್ನಡಕ, ಎನ್95 ಮಾಸ್ಕ್ ಬೇಕೇ ಬೇಕು. ಮೈ ತುರಿಸಿದರೆ ಉಜ್ಜಬೇಡಿ, ತಣ್ಣೀರು ಸುರಿದುಕೊಳ್ಳಿ. ಆ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ಒಗೆಯಬೇಡಿ.

ಇನ್ನು ಬಿಸಿಲು. ಡಬ್ಬಿಯ ಮೇಲೆ ಬರೆದಿರುವುದೆಲ್ಲ ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕ. ಹಾರ್ಡ್‌ನರ್ ಬೆರೆಸಿದ ಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ ಕೆಲಸ ಮಾಡಬಹುದು ಅಂತ ಇರುತ್ತದೆ. ನಮ್ಮಲ್ಲಿ ದೋಣಿ ದಡಕ್ಕೆ ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ, 40 ಡಿಗ್ರಿ ದಾಟುವ ಕಾಲಕ್ಕೆ. ಹತ್ತು ಡಿಗ್ರಿ ಏರಿದರೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಮಧ್ಯಾಹ್ನ ಕೆಲಸ ಹಿಡಿದರೆ ಮ್ಯಾಟ್ ನೆನೆಯುವ ಮೊದಲೇ ರೆಸಿನ್ ಗಟ್ಟಿ. ಜೊತೆಗೆ ಅದು ತಾನೇ ಕಾಯುವ ಸಾಮಾನು. ಮಗ್ಗಿನಲ್ಲಿ ಅರ್ಧ ಕಿಲೋ ಕಲಸಿ ಇಟ್ಟರೆ ಒಳಗಿನ ಕಾವು ಹೊರಗೆ ಹೋಗುವುದಿಲ್ಲ, ಹೊಗೆ ಏಳುತ್ತದೆ, ಮಗ್ಗು ಸೊಟ್ಟಗಾಗುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಅದೇ ರೆಸಿನ್ ಎಷ್ಟೋ ಹೊತ್ತು ತಡೆಯುತ್ತದೆ. ಥರ್ಮೋಕೋಲ್ ಕಪ್ ಮಾತ್ರ ಬೇಡ, ಸ್ಟೈರೀನ್‌ಗೆ ಅದು ಕರಗಿಹೋಗುತ್ತದೆ. ನಾನು ಹಳೇ ಪಾಲಿಥಿನ್ ಎಣ್ಣೆ ಕ್ಯಾನ್ ಕತ್ತರಿಸಿ ಅಗಲ ಟ್ರೇ ಮಾಡಿಕೊಂಡಿದ್ದೇನೆ. ರೆಸಿನ್ ಅದಕ್ಕೆ ಅಂಟುವುದಿಲ್ಲ, ಒಣಗಿದ್ದನ್ನು ಬಗ್ಗಿಸಿದರೆ ಬಿಟ್ಟು ಬರುತ್ತದೆ.

ಬಿಸಿಲು ಜಾಸ್ತಿ ಅಂತ ಹಾರ್ಡ್‌ನರ್ ತೀರಾ ಕಡಿಮೆ ಹಾಕುವುದೂ ಸರಿಯಲ್ಲ. ತೂಕದ ಲೆಕ್ಕದಲ್ಲಿ ನೂರಕ್ಕೆ 1ರಿಂದ 2 ಭಾಗ ಇರಬೇಕು. 1ಕ್ಕಿಂತ ಕೆಳಗೆ ಹೋದರೆ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಪೂರ್ತಿ ಆಗುವುದೇ ಇಲ್ಲ, ಆಮೇಲೆ ಎಷ್ಟು ದಿನ ಬಿಸಿಲಿಗಿಟ್ಟರೂ ಸರಿಹೋಗುವುದಿಲ್ಲ. ನಾನು 1ರ ಹತ್ತಿರ ನಿಲ್ಲಿಸಿ, ಒಂದು ಸಲಕ್ಕೆ 200 ಗ್ರಾಂ ಮಾತ್ರ ಕಲಸುತ್ತೇನೆ. ಅದಕ್ಕೆ ಸುಮಾರು 2 ಗ್ರಾಂ ಹಾರ್ಡ್‌ನರ್. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಳೆಯುವುದು ಸುಲಭ. ಅಂದಾಜಿನ ಮೇಲೆ ಮುಚ್ಚಳದಲ್ಲಿ ಸುರಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕೆಲಸಕ್ಕೆ ಸರಿಯಾದ ಹೊತ್ತು ಬೆಳಗ್ಗೆ. ರಾತ್ರಿಯೆಲ್ಲ ಆರಿದ ದೋಣಿ ತಣ್ಣಗಿರುತ್ತದೆ. ಹಿಂದಿನ ದಿನದ ಬಿಸಿಲಿಗೆ ಫೈಬರ್ ಚೆನ್ನಾಗಿ ಒಣಗಿಯೂ ಇರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಬಿಸಿಲು ದೊಡ್ಡ ಉಪಕಾರ ಮಾಡುತ್ತದೆ, ಕರಾವಳಿಯಲ್ಲಿ ಇಷ್ಟು ಸುಲಭವಾಗಿ ದೋಣಿ ಒಣಗುವುದಿಲ್ಲ. ಬೇವಿನ ಮರದ ನೆರಳಿಗೆ ದೋಣಿ ಎಳೆದು, ಬೋರಲು ಹಾಕಿ, ಒಂಬತ್ತು ಗಂಟೆಯೊಳಗೆ ಮ್ಯಾಟ್ ಕೆಲಸ ಮುಗಿಸುತ್ತೇವೆ.

ಎಷ್ಟು ಸಾಮಾನು ಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಅಂಗಡಿಯಲ್ಲಿ 300, 450 ಅಂತ ಮ್ಯಾಟ್ ಸಿಗುತ್ತದಲ್ಲ, ಅದು ಒಂದು ಚದರ ಮೀಟರ್‌ಗೆ ಅಷ್ಟು ಗ್ರಾಂ ಅಂತ. ತೇಪೆ 30 ಸೆಂಟಿಮೀಟರ್ ಚೌಕ ಇದ್ದರೆ 450ರ ಒಂದು ಪದರ ಸುಮಾರು 40 ಗ್ರಾಂ ತೂಗುತ್ತದೆ. ಮೂರು ಪದರಕ್ಕೆ 120 ಗ್ರಾಂ. ರೆಸಿನ್ ಅದರ ಎರಡೂವರೆ ಪಟ್ಟು, ಅಂದರೆ 300 ಗ್ರಾಂ. ಒಂದು ಪದರ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪ ಕೊಡುತ್ತದೆ. ಬಿಳಿ ಮ್ಯಾಟ್ ರೆಸಿನ್ ಕುಡಿದು ಪಾರದರ್ಶಕ ಆಗಬೇಕು. ಬಿಳಿ ಉಳಿದ ಕಡೆ ಗಾಳಿ ಇದೆ ಅಂತ ಅರ್ಥ, ರೋಲರ್ ಒತ್ತಿ ಅದನ್ನು ಹೊರಗೆ ಹಾಕಿ. ಅಂಚನ್ನು ಕತ್ತರಿಸುವುದಾದರೆ ಹಸಿ ಚರ್ಮದ ಹದಕ್ಕೆ ಬಂದಾಗ ಬ್ಲೇಡಿನಿಂದ ಕತ್ತರಿಸಿ. ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ಗ್ರೈಂಡರ್ ಹಿಡಿಯಬೇಕಾಗುತ್ತದೆ.

ಮರುದಿನ ಮೇಲ್ಮೈ ಅಂಟಂಟಾಗಿದ್ದರೆ ಗಾಬರಿಯಾಗಬೇಡಿ. ಗಾಳಿ ತಗಲುವ ಕಡೆ ಪಾಲಿಯೆಸ್ಟರ್ ಪೂರ್ತಿ ಗಟ್ಟಿಯಾಗುವುದಿಲ್ಲ. ಕೊನೆಯ ಕೋಟ್‌ಗೆ ಮೇಣ ಬೆರೆಸಿದ ರೆಸಿನ್ ಬಳಸಿ, ಇಲ್ಲವೇ ಹಸಿ ಇರುವಾಗಲೇ ಪಾಲಿಥಿನ್ ಹಾಳೆ ಒತ್ತಿ ಮುಚ್ಚಿ. ವಾರ ಬಿಟ್ಟು ಬಣ್ಣ ಹೊಡೆದು ನೀರಿಗಿಳಿಸುತ್ತೇವೆ. ಆ ಬೊಡ್ಡೆ ಪೆಟ್ಟಿನ ತೇಪೆ ಇವತ್ತಿಗೂ ಹಾಗೇ ಇದೆ. ಕಲ್ಲಿಗೆ ಉಜ್ಜಿ ಬಣ್ಣ ಹೋಗಿದೆ, ತೇಪೆಯ ಅಂಚು ಮಾತ್ರ ಎಲ್ಲೂ ಎದ್ದಿಲ್ಲ.

ಮನೆಗೆ ಬಂದರೆ, ಇದು ನಿಜವಾಗಿ ಗೆದ್ದದ್ದು ಏರ್ ಕೂಲರ್‌ನಲ್ಲಿ. ತಗಡಿನ ಕೂಲರ್ ನಮ್ಮ ಬೋರ್ ನೀರಿಗೆ ಎರಡು ಮೂರು ವರ್ಷದಲ್ಲಿ ತಳದಲ್ಲಿ ತೂತು ಬೀಳುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಅಸಿಟೋನ್‌ನಿಂದ ಒರೆಸಿ, ಮೂಲೆಗಳಿಗೆ ರೆಸಿನ್ ಮತ್ತು ಟಾಲ್ಕ್ ಪುಡಿ ಕಲಸಿದ ಪುಟ್ಟಿ ತುಂಬಿ ದುಂಡಗೆ ಮಾಡಿದೆ. ಮ್ಯಾಟ್ ಚೂಪು ಮೂಲೆಗೆ ಬಾಗುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಆಮೇಲೆ ಒಳಗೆಲ್ಲ 300ರ ಮ್ಯಾಟ್ ಎರಡು ಪದರ. ಪಾಲಿಯೆಸ್ಟರ್‌ಗೆ ತಗಡಿನ ಮೇಲೆ ಹಿಡಿತ ಅಷ್ಟಕ್ಕಷ್ಟೆ, ಆದರೆ ಇಲ್ಲಿ ಅದು ಮುಖ್ಯವಲ್ಲ. ಒಳಗಿನ ಫೈಬರ್ ತಾನೇ ಒಂದು ತೊಟ್ಟಿಯಾಗಿ ನಿಲ್ಲುತ್ತದೆ, ಹೊರಗಿನ ತಗಡು ಬರೀ ಆಸರೆ. ಅಂದಿನಿಂದ ಒಂದು ಹನಿ ಸೋರಿಲ್ಲ. ಈ ಕೆಲಸ ಹಿತ್ತಲಲ್ಲಿ ಶುರು ಮಾಡಿದಾಗ ಅವ್ವ, "ಈ ವಾಸನಿಗೆ ತಲಿ ಸಿಡೀತೈತಿ, ದೂರ ಒಯ್ದು ಮಾಡ್ರೋ" ಅಂದಳು. ಅವಳ ಮಾತು ಸರಿ. ಸ್ಟೈರೀನ್ ವಾಸನೆಗೆ ಎನ್95 ಸಾಲದು, ಇದ್ದಿಲು ಫಿಲ್ಟರ್ ಇರುವ ಮಾಸ್ಕ್ ಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಮಾಳಿಗೆಯ ಮೇಲೆ ಮಳೆನೀರು ಹೊರಹೋಗುವ ಹರನಾಳಿಗೆಯ ಸುತ್ತ ಹಾಕಿ ನೋಡಿದೆ, ಎರಡನೇ ಮಳೆಗಾಲಕ್ಕೆ ಎದ್ದು ಬಂತು. ಸಿಮೆಂಟಿನ ಕ್ಷಾರ ಮತ್ತು ಒಳಗಿನ ತೇವ ಎರಡೂ ಪಾಲಿಯೆಸ್ಟರ್‌ಗೆ ಆಗಿಬರುವುದಿಲ್ಲ. ಸ್ಲ್ಯಾಬ್ ಬಿಸಿಲಿಗೆ ಹಿಗ್ಗಿ ಕುಗ್ಗುವುದು ಬೇರೆ. ಅಲ್ಲಿಗೆ ಬಾಗುವ ಗುಣ ಇರುವ ವಾಟರ್‌ಪ್ರೂಫಿಂಗ್ ಕೋಟಿಂಗೇ ಸರಿ.

ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಸೀಳಿದರೆ ಇದನ್ನು ಮುಟ್ಟಲೇಬೇಡಿ. ಆ ಕಪ್ಪು ಟ್ಯಾಂಕ್ ಪಾಲಿಥಿನ್. ನನ್ನ ಟ್ರೇಗೆ ರೆಸಿನ್ ಯಾಕೆ ಅಂಟುವುದಿಲ್ಲವೋ ಅದೇ ಕಾರಣಕ್ಕೆ ಟ್ಯಾಂಕಿಗೂ ಅಂಟುವುದಿಲ್ಲ. ಅದನ್ನು ಬಿಸಿ ಮಾಡಿ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬೇಕು. ಅಂಟುವ ಟ್ಯಾಂಕೇ ಆಗಿದ್ದರೂ ಸಾಧಾರಣ ರೆಸಿನ್ ಕುಡಿಯುವ ನೀರಿಗೆ ತಕ್ಕದ್ದಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಎರಡು ಸಲ ಓದಿ. ಕೆಲವು ಅಂಗಡಿಗಳಲ್ಲಿ ರೆಸಿನ್, ಅದು ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್, ಹಾರ್ಡ್‌ನರ್ ಮೂರನ್ನೂ ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಒಂದೇ ಚಮಚ ಎರಡಕ್ಕೂ ಅದ್ದಬೇಡಿ. ಮನೆ ಬಳಕೆಗೆ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತೆಗೆದುಕೊಳ್ಳಿ. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕೂಡಲೇ ಕಣ್ಣು ತೆರೆದು ಹಿಡಿದು ಕನಿಷ್ಠ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮಕ್ಕಳ ಕೈಗೆ ಸಿಗುವ ಕಡೆ ಆ ಬಾಟಲಿ ಇಡಬೇಡಿ.

ಕೊಳ್ಳುವಾಗ ತಯಾರಾದ ತಾರೀಖು ನೋಡಿ. ತಣ್ಣನೆಯ ಜಾಗದಲ್ಲಿ ಇಟ್ಟರೂ ಪಾಲಿಯೆಸ್ಟರ್ ರೆಸಿನ್ ಆರು ತಿಂಗಳ ಸಾಮಾನು. ನಮ್ಮ ಬೇಸಿಗೆಯಲ್ಲಿ ತಗಡಿನ ಶೀಟ್ ಕೆಳಗಿನ ಗೋದಾಮಿನಲ್ಲಿ ಬಿದ್ದಿದ್ದರೆ ಇನ್ನೂ ಬೇಗ ಕೆಡುತ್ತದೆ. ಹುಬ್ಬಳ್ಳಿಯ ಒಂದು ಅಂಗಡಿಯಿಂದ ತಂದ ಡಬ್ಬಿ ತೆರೆದಾಗ ಅರ್ಧ ಜೆಲ್ಲಿಯಾಗಿತ್ತು, ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಕೋಲಿನಿಂದ ಎತ್ತಿ ನೋಡುತ್ತೇನೆ. ಜೇನಿಗಿಂತ ತೆಳ್ಳಗೆ, ಗಂಟಿಲ್ಲದೆ ಇಳಿಯಬೇಕು. ಬೇಕಾದಷ್ಟೇ ತನ್ನಿ, ಮುಂದಿನ ವರ್ಷಕ್ಕೆ ಅಂತ ಇಟ್ಟುಕೊಳ್ಳಬೇಡಿ. ಮ್ಯಾಟ್ ಮಾತ್ರ ಒಣಗಿದ ಕಡೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ಇದಕ್ಕಿಂತ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಹಿಡಿತದಲ್ಲಿ ಖಂಡಿತ ಒಳ್ಳೆಯದು. ದರ ಎರಡು ಮೂರು ಪಟ್ಟು. ಅದಕ್ಕೆ ಹಾರ್ಡ್‌ನರ್ ಡಬ್ಬಿಯಲ್ಲಿ ಹೇಳಿದ ಅಳತೆಗೇ ಹಾಕಬೇಕು, ಬಿಸಿಲು ನೋಡಿ ಕಡಿಮೆ ಜಾಸ್ತಿ ಮಾಡುವ ಹಾಗಿಲ್ಲ. ಈ ತುಂಡು ಎಳೆಯ ಮ್ಯಾಟ್ ಅದಕ್ಕೆ ಹೊಂದುವುದಿಲ್ಲ, ಎಳೆಗಳನ್ನು ಹಿಡಿದಿಟ್ಟ ಅಂಟು ಸ್ಟೈರೀನ್‌ಗೆ ಮಾತ್ರ ಕರಗುತ್ತದೆ. ಅದಕ್ಕೆ ನೇಯ್ದ ಗ್ಲಾಸ್ ಬಟ್ಟೆ ಬೇಕು. ಬಿಸಿಲಿಗೆ ಎಪಾಕ್ಸಿ ಹಳದಿಯಾಗಿ ಪುಡಿಯಾಗುತ್ತದೆ, ಮೇಲೆ ಬಣ್ಣ ಬೇಕೇ ಬೇಕು. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಒಮ್ಮೆ ಆ ದಾರಿ ಹಿಡಿದರೆ ಅಲ್ಲೇ ಮುಂದುವರಿಯಬೇಕು. ಫೈಬರ್ ತಳದ ತೇಪೆಗೆ ಪಾಲಿಯೆಸ್ಟರ್ ನನಗೆ ಸಾಕಾಗಿದೆ. ಮರ ಸೇರುವ ಕಡೆ ಸಾಲದು. ನಮ್ಮ ದೋಣಿಯ ಹಿಂದೆ ಎಂಜಿನ್ ಕೂರುವ ಹಲಗೆಗೆ ಈ ವರ್ಷ ಬೋಲ್ಟ್ ತೂತಿನಿಂದ ನೀರು ಇಳಿದಿದೆ, ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು. ಆ ಹಲಗೆ ತೆಗೆದು ಹೊಸದು ಕೂರಿಸುವುದಕ್ಕೆ ಎಪಾಕ್ಸಿ ಮತ್ತು ನೇಯ್ದ ಬಟ್ಟೆ ತರಿಸಿದ್ದೇವೆ. ನೀರು ಇಳಿದು ದೋಣಿ ದಡಕ್ಕೆ ಬಂದ ಕೂಡಲೇ ಆ ಕೆಲಸ ಶುರು.